ತಮ್ಮನ ಸ್ಟೂಲು

ಜೂನ್ ೧, ಭಾನುವಾರ

ಬೆಳಿಗ್ಗೆ ತಮ್ಮನನ್ನು ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸಿ ಬಂದೆ. ಆರು ವಾರ ಅಲ್ಲೇ ಇರಬೇಕಂತೆ. ಗೇಟು ದಾಟುವಾಗ ಒಮ್ಮೆ ತಿರುಗಿ ನೋಡಿದ. ಮೀಸೆಯಿಲ್ಲದ ಅವನ ಮುಖ ನೋಡಿದರೆ ನನ್ನನ್ನೇ ಯಾರೋ ಒಳಗೆ ಕರೆದುಕೊಂಡು ಹೋಗುತ್ತಿದ್ದ ಹಾಗಿತ್ತು.

ಮೀಸೆ ತೆಗೆಸಿದ್ದು ನನ್ನ ಸಲುವಾಗಿ. ನಾವು ಅವಳಿ. ನಾನು ಸ್ವಲ್ಪ ಹೊತ್ತು ಮುಂಚೆ ಹುಟ್ಟಿದವನಾದ್ದರಿಂದ ಅಣ್ಣ. ಅವನು ಕೆಲಸ ಮಾಡುವ ಕಚೇರಿ ಕಟ್ಟಡದ ಮ್ಯಾನೇಜರು ಹೋದ ತಿಂಗಳೇ ಕಡ್ಡಿ ಮುರಿದ ಹಾಗೆ ಹೇಳಿದ್ದರು: ಇನ್ನೊಂದು ದಿನ ಬರದೇ ಹೋದರೆ, ಇಲ್ಲವೇ ಇನ್ನೊಂದು ಸಲ ಲಿಫ್ಟಿನಲ್ಲಿ ವಾಸನೆ ಬಂದರೆ, ಕೆಲಸ ಹೋಯಿತು. ಆರು ವಾರದ ರಜೆ ಕೇಳುವುದಂತೂ ಕನಸಿನ ಮಾತು. ಅದಕ್ಕೆ ನಾನೇ ಈ ಉಪಾಯ ಹೂಡಿದೆ. ಅವನು ವಾಸಿಯಾಗಿ ಬರುವವರೆಗೆ ಅವನ ಲಿಫ್ಟನ್ನು ನಾನು ಓಡಿಸುತ್ತೇನೆ. ಅವನು ಹೋದ ವಾರವೇ ಮೀಸೆ ಬೋಳಿಸಿ ಕೆಲಸಕ್ಕೆ ಹೋಗಿ ಎಲ್ಲರ ಕಣ್ಣಿಗೂ ಆ ಮುಖ ಅಭ್ಯಾಸ ಮಾಡಿಸಿದ. ನಾನು ಕನ್ನಡಕ ತೆಗೆದಿಟ್ಟರೆ ಆಯಿತು.

"ಅಣ್ಣ, ಆ ಸ್ಟೂಲಿನ ಮೇಲೆ ಕೂರೋದು ನೀನು ಅಂದ್ಕೊಂಡಷ್ಟು ಸುಲಭ ಅಲ್ಲ," ಎಂದ ದಾರಿಯಲ್ಲಿ.

"ಮೇಲೆ ಹೋಗೋದು, ಕೆಳಗೆ ಬರೋದು. ಅದ್ರಲ್ಲೇನಿದೆ?"

"ಜೆರಾಕ್ಸಿನವನ ಅಂಗಡಿ ಕಡೆ ಹೋಗ್ಬೇಡ," ಎಂದ. ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಕೂತ.

ಅರವತ್ತು ತುಂಬಿತು ಇಬ್ಬರಿಗೂ. ಒಂದೇ ಹೊಟ್ಟೆ, ಒಂದೇ ಮನೆ, ಅದೇ ಅಪ್ಪ. ನಾನು ಬಾಯಿಗೆ ಒಂದು ತೊಟ್ಟು ಬಿಟ್ಟುಕೊಂಡವನಲ್ಲ. ಅವನು ಇಡೀ ಜೀವನವನ್ನು ನೀರಿನಲ್ಲಿ ಹೋಮ ಮಾಡಿದ. ಮದುವೆ ಇಲ್ಲ, ಸ್ವಂತದ್ದೊಂದು ಕುರ್ಚಿ ಇಲ್ಲ. ಹಟ ಅನ್ನುವುದು ಒಂದಿದ್ದರೆ ಮನುಷ್ಯ ಏನು ಬೇಕಾದರೂ ಬಿಡಬಲ್ಲ. ಅವನಿಗೆ ಅದೊಂದು ಬರಲಿಲ್ಲ.

ಇವಳು ಮಗಳ ಮನೆಗೆ ಹೆರಿಗೆ, ಬಾಣಂತನ ನೋಡಿಕೊಳ್ಳಲು ಹೋಗಿ ವಾರವಾಯಿತು. ನಾನು ಶಾಲೆಯಿಂದ ನಿವೃತ್ತನಾಗಿ ಎರಡು ತಿಂಗಳು. ಮನೆ ಬಿಕೋ ಎನ್ನುತ್ತಿದೆ. ಒಂದು ಕೆಲಸವಾದರೂ ಸಿಕ್ಕಿತು ಎಂದುಕೊಂಡೆ.

ಜೂನ್ ೨, ಸೋಮವಾರ

ತಮ್ಮನ ಸಮವಸ್ತ್ರ ಹೊಟ್ಟೆಯ ಹತ್ತಿರ ಬಿಗಿ. ಜೇಬಿನಲ್ಲಿ ಕೈ ಹಾಕಿದರೆ ಒಂದು ಹಿಡಿ ಲವಂಗ. ವರ್ಷಗಟ್ಟಲೆ "ಹಲ್ಲು ನೋವು, ಹಲ್ಲು ನೋವು" ಎಂದು ಇದನ್ನೇ ಅಗಿಯುತ್ತಿದ್ದ. ವಾಸನೆ ಮುಚ್ಚುವ ಈ ನಾಟಕ ನನಗೆ ಗೊತ್ತಿಲ್ಲದ್ದೇ? ಕಸದ ಬುಟ್ಟಿಗೆ ಸುರಿದು ಕೈ ತೊಳೆದುಕೊಂಡೆ.

ಹಳೆಯ ಲಿಫ್ಟು. ಮಡಚುವ ಕಬ್ಬಿಣದ ಬಾಗಿಲು, ಹಿತ್ತಾಳೆಯ ಹಿಡಿ, ಮೂಲೆಯಲ್ಲಿ ಮೂರುಕಾಲಿನ ಸ್ಟೂಲು. ಹಿಡಿ ಬಿಡುವುದು ಒಂದು ಕ್ಷಣ ತಡವಾದರೆ ಲಿಫ್ಟು ನೆಲಕ್ಕಿಂತ ಮೇಲೆ ನಿಲ್ಲುತ್ತದೆ. ಬೆಳಿಗ್ಗೆಯೆಲ್ಲ ಜನರನ್ನು ಎಡವಿಸಿದೆ. ಯಾವ ಮಹಡಿ ಎಂದು ಕೇಳಿದರೆ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ. ಇಷ್ಟು ವರ್ಷ ತಮ್ಮ ಯಾರನ್ನೂ ಕೇಳಿಯೇ ಇರಲಿಲ್ಲವಂತೆ.

ನಾಲ್ಕನೇ ಮಹಡಿಯ ಹಲ್ಲಿನ ಡಾಕ್ಟರು, "ಏನು ಲಿಫ್ಟಣ್ಣ, ಇವತ್ತು ಮೌನವ್ರತವಾ? ಎರಡನೇ ಮಹಡಿ ಡೈಲಾಗ್ ಎಲ್ಲಿ?" ಎಂದರು.

ಯಾವ ಡೈಲಾಗೋ, ನನಗೇನು ಗೊತ್ತು! ಗಂಟಲು ಕಟ್ಟಿದೆ ಎಂದೆ.

ಜೂನ್ ೫, ಗುರುವಾರ

ಮ್ಯಾನೇಜರು ಲಿಫ್ಟಿಗೆ ಬಂದವರೇ ಮೂಗರಳಿಸಿ ಎರಡು ಸಲ ಉಸಿರೆಳೆದುಕೊಂಡರು. "ಪರವಾಗಿಲ್ಲ, ದಾರಿಗೆ ಬಂದಿದೀಯ," ಎಂದರು. ಹೊಗಳಿಕೆ ತಮ್ಮನ ಖಾತೆಗೆ ಹೋಯಿತಾದರೂ ಖುಷಿಯಾಯಿತು.

ಸಂಜೆ ಬೀಗ ಹಾಕುವಾಗ ನೆಲಮಾಳಿಗೆಯಿಂದ ಜೆರಾಕ್ಸಿನವನು ಕೈ ಬೀಸಿ ಕರೆದ. ಕಾಣದವನ ಹಾಗೆ ಬಂದುಬಿಟ್ಟೆ.

ಊಟಕ್ಕೆ ಅನ್ನ ಮಾಡಿ ಮೊಸರು ಕಲಸಿದೆ. ಅರ್ಧಕ್ಕೇ ಬಿಟ್ಟೆ. ಇವಳಿದ್ದರೆ ಎಂಟು ಹೊಡೆಯುವುದೇ ತಡ, ತಟ್ಟೆ ಇಡುತ್ತಿದ್ದಳು. ಈಗ ಎಂಟಾದರೇನು, ಒಂಬತ್ತಾದರೇನು.

ಜೂನ್ ೮, ಭಾನುವಾರ

ಕೇಂದ್ರದಲ್ಲಿ ಮೊದಲ ವಾರ ಮನೆಯವರನ್ನು ಒಳಗೆ ಬಿಡುವುದಿಲ್ಲ. ಫೋನಿನಲ್ಲಿ ಮಾತಾಡಿಸಿದರು. ದನಿ ಒಣಗಿಹೋಗಿತ್ತು.

"ಎರಡನೇ ಮಹಡಿ ಡೈಲಾಗ್ ಏನೋ?" ಎಂದು ಕೇಳಿದೆ. ನಡುಗುವ ದನಿಯಲ್ಲೂ ನಕ್ಕ.

"ಎರಡನೇ ಮಹಡಿ. ಇಳಿಯೋರು ಇಳೀರಿ. ಕೋಪ ಇರೋರು ಅದನ್ನ ಇಲ್ಲೇ ಇಳಿಸಿ, ಭಾರ ಜಾಸ್ತಿ ಆಗಿದೆ."

ಎರಡನೇ ಮಹಡಿಯಲ್ಲಿ ತೆರಿಗೆ ಸಲಹೆಗಾರರ ಕಚೇರಿ. ಅಲ್ಲಿಗೆ ಬರುವವರೆಲ್ಲ ಮುಖ ಗಂಟು ಹಾಕಿಕೊಂಡೇ ಬರುತ್ತಾರೆ. ಮಾತು ಹೊಂದುತ್ತದೆ. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ. ಹಾಜರಿ ಕೂಗಿದ ಹಾಗಿತ್ತು.

ಜೂನ್ ೧೧, ಬುಧವಾರ

ಇವತ್ತಿನದನ್ನು ಹೇಗೆ ಬರೆಯಲಿ?

ಸಂಜೆ ಜೆರಾಕ್ಸಿನವನು ಲಿಫ್ಟಿಗೇ ಬಂದು ಅಡ್ಡ ನಿಂತ. "ಏನ್ ಗುರು, ಒಂದು ವಾರದಿಂದ ಮುಖ ತಿರುಗಿಸ್ಕೊಂಡು ಓಡಾಡ್ತಿದೀಯ? ಆ ನಿನ್ನ ಅಣ್ಣ, ಒಬ್ಬ ಇದಾನಲ್ಲ ಮಡಿವಂತ, ಅವನ ಗಾಳಿ ಬಡೀತಾ?" ಎಂದ. ನಂತರ ಕಣ್ಣು ಕಿರಿದು ಮಾಡಿ ನನ್ನ ಕೈಯನ್ನೇ ನೋಡತೊಡಗಿದ. "ನಿನ್ನ ಉಗುರು ಯಾವಾಗಿಂದ ಇಷ್ಟು ಚೊಕ್ಕಟ ಆಯ್ತು?"

ಇವನ ಬಾಯಿಗೆ ಬಿದ್ದರೆ ನಾಳೆಗೆ ಇಡೀ ಕಟ್ಟಡಕ್ಕೆ ಸುದ್ದಿ, ನಾಡಿದ್ದು ತಮ್ಮನ ಕೆಲಸಕ್ಕೆ ಸಂಚಕಾರ. ಸುಮ್ಮನೆ ಅವನ ಹಿಂದೆ ಹೋದೆ. ಕಾಗದದ ರಟ್ಟಿನ ಪೆಟ್ಟಿಗೆಗಳ ಹಿಂದೆ ಎರಡು ಲೋಟ. ಬ್ರಾಂದಿ. ಮೂಗು ಮುಚ್ಚಿಕೊಂಡು ಕಷಾಯ ಕುಡಿದ ಹಾಗೆ ಕುಡಿದೆ.

ತಲೆ ತಿರುಗುತ್ತದೆ, ವಾಂತಿಯಾಗುತ್ತದೆ ಎಂದೆಲ್ಲ ಎಣಿಸಿದ್ದೆ. ಏನೂ ಆಗಲಿಲ್ಲ. ಅವನು ಇನ್ನೊಂದು ಸುರಿದ, ಅದನ್ನೂ ಕುಡಿದೆ. ಆಗಲೂ ಏನೂ ಆಗಲಿಲ್ಲ. ಬಸ್ಸು ಹತ್ತಿ ಮನೆಗೆ ಬಂದೆ, ಬೀಗ ತೆಗೆದೆ, ಹಾಲು ಕಾಯಿಸಿದೆ. ಕೈ ಒಂದಿಷ್ಟೂ ಅಲುಗಲಿಲ್ಲ. ಜೆರಾಕ್ಸಿನವನಿಗೆ ನನ್ನ ಕಣ್ಣೆದುರೇ ನಾಲಿಗೆ ತೊದಲುತ್ತಿತ್ತು.

ಮನಸ್ಸು ದೃಢವಾಗಿದ್ದರೆ ಹೀಗೆ. ಮೈಗೆ ಏನೂ ತಟ್ಟುವುದಿಲ್ಲ. ಇಂಥ ಪುಟ್ಟ ವಸ್ತುವಿನ ಮುಂದೆ ತಮ್ಮ ಮಂಡಿಯೂರಿದನಲ್ಲ ಎಂದು ಮರುಕವಾಯಿತು.

ಒಂದು ವಿಷಯ ಬರೆದಿಡಬೇಕು. ಬಹಳ ದಿನಗಳ ಮೇಲೆ ಇವತ್ತು ಮನೆ ಬಿಕೋ ಎನ್ನಲಿಲ್ಲ.

ಜೂನ್ ೧೩, ಶುಕ್ರವಾರ

ಡೈಲಾಗು ಹೇಳಿದೆ. ಎಲ್ಲರೂ ನಕ್ಕರು!

ಜೂನ್ ೧೮, ಬುಧವಾರ

ಮೂವತ್ತೈದು ವರ್ಷ ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ಗಾಜು ಒಡೆಯದ ಹಾಗೆ, ಆಮ್ಲ ಚೆಲ್ಲದ ಹಾಗೆ ನೋಡಿಕೊಳ್ಳುವುದೇ ಕೆಲಸ. ಮಕ್ಕಳು ನನ್ನನ್ನು ಕಂಡರೆ ಓಡುವುದನ್ನು ನಿಲ್ಲಿಸುತ್ತಿದ್ದರು. ಯಾರೂ ನನ್ನನ್ನು ಕಂಡು ಮುಖ ಅರಳಿಸಿದ್ದು ನೆನಪಿಲ್ಲ. ಇಲ್ಲಿ ಬಾಗಿಲು ಸರಿಸಿದರೆ ಸಾಕು, "ಲಿಫ್ಟಣ್ಣ, ಮಗಳ ಫಲಿತಾಂಶ ಬಂತು", "ಲಿಫ್ಟಣ್ಣ, ನಮ್ಮ ಬಾಸಿಗೆ ವರ್ಗ". ತಮ್ಮ ಇದೆಲ್ಲವನ್ನೂ ಕೂಡಿಸಿಟ್ಟುಕೊಂಡಿದ್ದ, ನಾವ್ಯಾರೂ ಅವನನ್ನು ಒಂದು ದಿನ ಕೇಳಲಿಲ್ಲ. ಅದು ಚುಚ್ಚುತ್ತದೆ.

ಸಂಜೆಯ ಬಾಬತ್ತು ನಡೆದಿದೆ. ಜೆರಾಕ್ಸಿನವನಿಗೆ ಅನುಮಾನ ಬರಬಾರದಲ್ಲ. ಅಳತೆ ನನ್ನದೇ. ಅವನು ಕಣ್ಣಳತೆಯಲ್ಲಿ ಸುರಿಯುತ್ತಾನೆ, ನೋಡಲಾಗುವುದಿಲ್ಲ. ಮನೆಯಲ್ಲಿ ಶಾಲೆಯಿಂದ ತಂದ ಅಳತೆಯ ಗಾಜಿನ ಕೊಳವೆ ಇದೆ, ಅಂಚು ಸ್ವಲ್ಪ ಒಡೆದಿದೆ ಎಂದು ಎಸೆಯಲು ಇಟ್ಟಿದ್ದನ್ನು ತಂದಿದ್ದೆ. ಬ್ರಾಂದಿಯ ಒಂದು ಸಣ್ಣ ಬಾಟಲಿ ತಂದಿಟ್ಟಿದ್ದೇನೆ, ಭಾನುವಾರ ಅವನ ಅಂಗಡಿ ಮುಚ್ಚಿರುತ್ತದೆ ಎಂದು. ಮೂವತ್ತರ ಗೆರೆ ಎಂದರೆ ಮೂವತ್ತರ ಗೆರೆ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆ ಇಲ್ಲ. ಹೀಗೆ ಅಳೆದು ತೆಗೆದುಕೊಂಡದ್ದನ್ನು ಯಾರೂ ಕುಡಿತ ಎನ್ನುವುದಿಲ್ಲ.

ಇವಳು ಫೋನು ಮಾಡಿದ್ದಳು. ಗಂಡು ಮಗು! ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರಂತೆ. "ನಿಮ್ಮ ಹಾಗೇ ಹಣೆ ಕಣ್ರೀ," ಎಂದಳು. ಸಂತೋಷಕ್ಕೆ ಇವತ್ತು ನಲವತ್ತರ ಗೆರೆ.

ಜೂನ್ ೨೨, ಭಾನುವಾರ

ತಮ್ಮನನ್ನು ನೋಡಿದೆ. ಇಳಿದುಹೋಗಿದ್ದಾನೆ, ಆದರೆ ಕಣ್ಣಿನ ಬಿಳಿ ಬಿಳಿಯಾಗಿದೆ. ಕೈಯಲ್ಲಿ ಲೋಟ ನಿಲ್ಲುತ್ತದೆ.

ಅಲ್ಲಿನ ಡಾಕ್ಟರಮ್ಮ, ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನನ್ನೂ ಒಳಗೆ ಕರೆದು, ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. ಗಂಡಸರ ಕುಡಿತದಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಬದುಕಿನಿಂದ ಬಂದದ್ದೆಷ್ಟು ಎಂದು ಅವರು ಹುಡುಕುತ್ತಿದ್ದಾರಂತೆ. ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿ, ಒಬ್ಬ ಕುಡುಕ, ಇನ್ನೊಬ್ಬ ಮುಟ್ಟದವನು ಎಂದರೆ ಅವರಿಗೆ ಹಬ್ಬ. ಇಬ್ಬರ ಕೆನ್ನೆಯ ಒಳಗೂ ಹತ್ತಿಯ ಕಡ್ಡಿ ಆಡಿಸಿ ತೆಗೆದರು.

"ತಂದೆಯವರು ಕುಡೀತಿದ್ರಾ?"

"ಕುಡಿದೇ ಸತ್ತ," ಎಂದ ತಮ್ಮ. "ಆದ್ರೆ ಡಾಕ್ಟ್ರೇ, ನಾವು ಸಣ್ಣವರಿದ್ದಾಗ ಮುಟ್ಟಿರ್ಲಿಲ್ಲ. ಗಿರಣಿ ಮುಚ್ಚಿದ ಮೇಲೆ ಶುರು ಮಾಡಿದ್ದು. ಆಗ ನಲವತ್ತೋ ನಲವತ್ತೈದೋ."

"ನಿಮಗೆ?"

"ನನ್ನದು ಇಪ್ಪತ್ತಕ್ಕೇ ಉದ್ಘಾಟನೆ. ಕೆಲಸದ ಕಡೆ ಸ್ನೇಹಿತರು ಕೊಡಿಸಿದ್ರು."

"ಮೊದಲ ಸಲ ಕುಡಿದಾಗ ಏನಾಯ್ತು?"

"ಏನೂ ಆಗ್ಲಿಲ್ಲ. ಉಳಿದೋರೆಲ್ಲ ತಲೆ ತಿರುಗಿ ಬಿದ್ರು. ನಾನೇ ಒಬ್ಬೊಬ್ಬರನ್ನ ಮನೆಗೆ ಮುಟ್ಟಿಸಿ ಬಂದೆ. ಭೀಮ ಅಂದ್ಕೊಂಡೆ ನನ್ನನ್ನ ನಾನು."

ಡಾಕ್ಟರಮ್ಮ ನಗಲಿಲ್ಲ. "ಅದೇ ನೋಡಿ ಮೋಸ. ತಲೆ ತಿರುಗೋದು ದೇಹ ಹಾಕೋ ಬ್ರೇಕು. ಕೆಲವರಿಗೆ ಹುಟ್ಟಿನಿಂದಲೇ ಆ ಬ್ರೇಕು ಸಡಿಲ. ಅವರಿಗೆ ಏನೂ ಆಗಲ್ಲ, ಅದಕ್ಕೇ ಅವರು ನಿಲ್ಲಿಸೋದೂ ಇಲ್ಲ. ಇದು ಒಲವು ಮಾತ್ರ, ಹಣೆಬರಹ ಅಲ್ಲ. ಆದ್ರೆ ವಯಸ್ಸಾಯ್ತು ಅಂತ ಆ ಒಲವು ಎಲ್ಲಿಗೂ ಹೋಗಲ್ಲ. ಸುತ್ತ ಬೇಲಿ ಇರೋವರೆಗೂ ಅದು ಇದೆ ಅಂತಲೇ ಗೊತ್ತಾಗಲ್ಲ ಕೆಲವರಿಗೆ."

"ಬೇಲಿ ಅಂದ್ರೆ?" ಎಂದು ಕೇಳಿದೆ.

"ಹೆಂಡತಿ, ಕೆಲಸ, ಹೊತ್ತಿಗೆ ಸರಿಯಾಗಿ ಊಟ. ಇಂಥವೇ." ಆಮೇಲೆ ನನ್ನ ಕಡೆ ತಿರುಗಿದರು. "ನೀವು ಇವತ್ತಿನವರೆಗೂ ಮುಟ್ಟೇ ಇಲ್ಲ, ಅಲ್ವಾ?"

"ಇಲ್ಲ," ಎಂದೆ. ತಮ್ಮನ ಕೆಲಸದ ಪ್ರಶ್ನೆ. ಅವನ ಎದುರು ಜೆರಾಕ್ಸಿನವನ ಕಥೆ ತೆಗೆದು ಅವನ ನೆಮ್ಮದಿ ಯಾಕೆ ಕೆಡಿಸಲಿ?

ಬ್ರೇಕಿನ ಮಾತು ಒಪ್ಪಬೇಕಾದ್ದೇ. ತಮ್ಮನಿಗೆ ಸಡಿಲ ಇದ್ದಿರಬೇಕು, ಪಾಪ. ಅವನ ತಪ್ಪೇ ಪೂರ್ತಿ ಅಲ್ಲ ಅನ್ನಿಸಿ ಕಣ್ಣು ತುಂಬಿ ಬಂತು. ನನ್ನ ವಿಷಯ ಬೇರೆ.

ಜೂನ್ ೨೫, ಬುಧವಾರ

ಮಧ್ಯಾಹ್ನ ಊಟದ ಬಿಡುವಿನಲ್ಲಿ ಸ್ವಲ್ಪ ತೆಗೆದುಕೊಂಡರೆ ಮಾತು ಸರಾಗ ಎಂದು ಕಂಡುಕೊಂಡಿದ್ದೇನೆ. ಬೆಳಿಗ್ಗೆ ನನ್ನ ಡೈಲಾಗು ಹಾಜರಿ ಕೂಗಿದ ಹಾಗಿರುತ್ತದೆ, ಮಧ್ಯಾಹ್ನದ ಮೇಲೆ ತಮ್ಮನ ಹಾಗೇ ಬರುತ್ತದೆ. ಇವತ್ತು ನನ್ನದೇ ಹೊಸದೊಂದು ಹುಟ್ಟಿತು: "ನಾಲ್ಕನೇ ಮಹಡಿ, ಹಲ್ಲಿನ ಡಾಕ್ಟರು. ಬಾಯಿ ಮುಚ್ಚಿ ಹೋಗಿ, ತೆರೆದು ಬನ್ನಿ." ಡಾಕ್ಟರೇ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು.

ತಮ್ಮನಿಗೆ ಕೆಟ್ಟ ಹೆಸರು ತರುವ ಹಾಗೆ ನಾನೇನೂ ಮಾಡುತ್ತಿಲ್ಲ. ಒಳ್ಳೆಯ ಹೆಸರೇ ಬರುತ್ತಿದೆ.

ಜೂನ್ ೩೦, ಸೋಮವಾರ

ಹಲ್ಲು ಸ್ವಲ್ಪ ನೋವು. ಬರುವಾಗ ಲವಂಗ ತಂದೆ.

ಜುಲೈ ೪, ಶುಕ್ರವಾರ

ಅಳತೆಯ ಕೊಳವೆ ತೊಳೆಯುವುದು ತಲೆನೋವಿನ ಕೆಲಸ. ಲೋಟವೇ ವಾಸಿ.

ಹಲ್ಲಿನ ಡಾಕ್ಟರು ಇಳಿಯುವಾಗ ನಿಂತರು. "ಮತ್ತೆ ಲವಂಗ ಶುರುವಾಯ್ತಾ? ಎಷ್ಟು ವರ್ಷದಿಂದ ಕರೀತಿದೀನಿ, ಒಂದು ದಿನ ಮೇಲೆ ಬಾ ಅಂತ. ನಿನ್ನ ಬಾಯಿ ಮಾತ್ರ ನಾನು ನೋಡಿಲ್ಲ ಈ ಕಟ್ಟಡದಲ್ಲಿ." ನಗುತ್ತಲೇ ಹೇಳಿದರು. ಆದರೆ ಬಾಗಿಲು ಎಳೆಯುವವರೆಗೆ ನನ್ನನ್ನೇ ನೋಡುತ್ತಿದ್ದರು. ಯಾಕೋ ಸಿಟ್ಟು ಬಂತು. ಅವರವರ ಕೆಲಸ ಅವರು ನೋಡಿಕೊಂಡರೆ ಸಾಲದೇ?

ಜುಲೈ ೬, ಭಾನುವಾರ

ಕೇಂದ್ರಕ್ಕೆ ಹೋಗಲಾಗಲಿಲ್ಲ. ಮೈ ಭಾರ. ಫೋನಿನಲ್ಲಿ ತಮ್ಮ, "ಊಟ ಮಾಡ್ತಿದೀಯ ತಾನೇ? ದನಿ ಒಂಥರಾ ಇದೆ," ಎಂದ. ನನಗೆ ಬುದ್ಧಿ ಹೇಳುವ ಮಟ್ಟಕ್ಕೆ ಬಂದಿದ್ದಾನೆ. ರೇಗಿದೆ. ಆಮೇಲೆ ಬೇಜಾರಾಯಿತು. ಮತ್ತೆ ಫೋನು ಮಾಡೋಣ ಎಂದುಕೊಂಡವನು ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ. ಎದ್ದಾಗ ಒಲೆಯ ಮೇಲೆ ಅನ್ನ ಸೀದು ಕಪ್ಪಗಾಗಿತ್ತು.

ಜುಲೈ ೧೧, ಶುಕ್ರವಾರ

ಕಡೆಯ ದಿನ. ನಾಳೆ ಇವಳು ಬರುತ್ತಾಳೆ, ನಾಡಿದ್ದು ತಮ್ಮ. ಸೋಮವಾರದಿಂದ ಅವನ ಸ್ಟೂಲಿನ ಮೇಲೆ ಅವನೇ ಕೂರುತ್ತಾನೆ. ಆರು ವಾರ ಒಬ್ಬರಿಗೂ ಸುಳಿವು ಸಿಗದ ಹಾಗೆ ನಿಭಾಯಿಸಿದೆ. ಹಿಡಿ ಈಗ ಕೈಗೆ ಕೂತಿದೆ, ಕಣ್ಣು ಮುಚ್ಚಿ ನಿಲ್ಲಿಸಿದರೂ ನೆಲಕ್ಕೆ ಸರಿಯಾಗಿ ನಿಲ್ಲುತ್ತದೆ. ಇದೆಲ್ಲ ಮುಗಿಯಿತಲ್ಲ ಎಂದು ಸಂಕಟವಾಯಿತು, ಅದಕ್ಕೇ ಮಧ್ಯಾಹ್ನ ಜೆರಾಕ್ಸಿನವನ ಹತ್ತಿರ ಸ್ವಲ್ಪ ಹೆಚ್ಚೇ ಹೊತ್ತು ಕೂತೆ.

ಸಂಜೆ ಮ್ಯಾನೇಜರು ಆರನೇ ಮಹಡಿಯಿಂದ ಕೆಳಗಿನವರೆಗೆ ಬಂದರು. ನಾವಿಬ್ಬರೇ. ದಾರಿಯುದ್ದಕ್ಕೂ ಕರವಸ್ತ್ರ ಮೂಗಿಗೆ ಹಿಡಿದುಕೊಂಡಿದ್ದರು. ನೆಗಡಿ ಇರಬೇಕು. ನನ್ನ ಡೈಲಾಗಿಗೆ ನಗಲೂ ಇಲ್ಲ.

ಜುಲೈ ೧೨, ಶನಿವಾರ

ಇವಳು ಬಂದಳು. ಮೊಮ್ಮಗನ ಫೋಟೋ ತೋರಿಸಿದಳು. ಹಣೆ ನನ್ನದೇ, ಅಂದರೆ ಅಪ್ಪನದೇ. ಬಂದವಳೇ ಅಡುಗೆಮನೆಗೆ ಹೋಗಿ ಗಾಜಿನ ಕೊಳವೆ ಹಿಡಿದುಕೊಂಡು ಹೊರಗೆ ಬಂದಳು.

"ಇದ್ರಲ್ಲಿ ಏನು ಅಳೀತಿದ್ರಿ?"

"ಗಿಡಕ್ಕೆ ಗೊಬ್ಬರದ ನೀರು," ಎಂದೆ.

ಮೂಸಿ ನೋಡಿ ಒಳಗಿಟ್ಟಳು. ಬಾಟಲಿಗಳನ್ನು ನಿನ್ನೆಯೇ ಸಾಗಿಸಿದ್ದು ಒಳ್ಳೆಯದಾಯಿತು.

ಜುಲೈ ೧೪, ಸೋಮವಾರ

ದೇವರೇ.

ತಮ್ಮ ನಿನ್ನೆ ಸಂಜೆ ಬಂದಾಗ ಎಷ್ಟು ಚೆನ್ನಾಗಿದ್ದ! ಇವತ್ತು ಬೆಳಿಗ್ಗೆ ಇಸ್ತ್ರಿ ಹಾಕಿದ ಸಮವಸ್ತ್ರ ತೊಟ್ಟು, ಇವಳ ಕೈಯ ಕಾಫಿ ಕುಡಿದು, ಮೊದಲ ದಿನ ಶಾಲೆಗೆ ಹೋಗುವವನ ಹಾಗೆ ಕೂದಲು ನೀರಿನಲ್ಲಿ ಒತ್ತಿ ಬಾಚಿಕೊಂಡು ಹೋದ. ಹನ್ನೊಂದಕ್ಕೆಲ್ಲ ವಾಪಸು ಬಂದ.

"ಯಾಕಪ್ಪಾ ಇಷ್ಟು ಬೇಗ?" ಎಂದಳು ಇವಳು.

"ಹೊಸ ಲಿಫ್ಟು ಬರುತ್ತಂತೆ ಅತ್ತಿಗೆ. ಗುಂಡಿ ಒತ್ತಿದ್ರೆ ತಾನೇ ಹೋಗುತ್ತಂತೆ. ಇನ್ನು ನನ್ನಂಥೋರು ಯಾಕೆ ಅಂದ್ರು."

ಇವಳು ಮ್ಯಾನೇಜರಿಗೆ ಹಿಡಿಶಾಪ ಹಾಕಿದಳು, ತಟ್ಟೆ ಇಟ್ಟಳು. ಅವನು ತಲೆ ತಗ್ಗಿಸಿ ಉಂಡ. ಅವನ ಬಾಡಿಗೆ ಕೋಣೆಗೆ ಕಳಿಸಿಕೊಡಲು ನಾನು ಹೊರಗೆ ಬಂದೆ. ಮೆಟ್ಟಿಲ ಮೇಲೆ ಕೂತ. ನಾನೂ ಕೂತೆ.

"ಮ್ಯಾನೇಜರು ಇನ್ನೇನಾದ್ರೂ ಅಂದ್ರಾ?" ಎಂದು ಕೇಳಿದೆ.

"ಅಂದ್ರು. 'ಶುಕ್ರವಾರ ನನ್ನ ಮೂಗಿಗೆ ಬಡಿದದ್ದು ಬರೀ ಲವಂಗ ಅಲ್ಲ,' ಅಂದ್ರು."

ಶುಕ್ರವಾರ ಅವನು ಕೇಂದ್ರದಲ್ಲಿದ್ದ. "ಅದು ನಾನಲ್ಲ ಅಂತ ಹೇಳ್ಬೇಕಿತ್ತು ನೀನು," ಎಂದೆ.

"ನಾನಲ್ಲ ಅಂದ್ರೆ ಮತ್ಯಾರು ಅಂತ ಕೇಳ್ತಿದ್ರು."

ಎದುರು ಮನೆಯವರು ಬಟ್ಟೆ ಒಣಗಿಸುತ್ತಿದ್ದರು. ಅವನು ಅದನ್ನೇ ನೋಡುತ್ತ ಕೇಳಿದ.

"ಹಲ್ಲು ನೋವಾ ಅಣ್ಣ?"

"ಹೂಂ. ಸ್ವಲ್ಪ ದಿನದಿಂದ."

"ಯಾವ ಹಲ್ಲು?"

ಕೆನ್ನೆಯ ಎಡಗಡೆ ಬೆರಳಿಟ್ಟು ತೋರಿಸಿದೆ. ನಾಲಿಗೆ ಅಲ್ಲಿಗೆ ಹೋಯಿತು. ಆ ಜಾಗದ ದವಡೆ ಹಲ್ಲು ಕೀಳಿಸಿ ಎಷ್ಟೋ ವರ್ಷವಾಯಿತು. ಕೀಳಿಸಿದ ದಿನ ರಕ್ತ ನಿಲ್ಲದೆ ನನ್ನನ್ನು ಕೈ ಹಿಡಿದು ಮನೆಗೆ ಕರೆತಂದವನು ಇವನೇ.

"ನಾನೂ ಆ ಕಡೆನೇ ತೋರಿಸ್ತಿದ್ದೆ," ಎಂದು ಎದ್ದು ಹೋದ.

ಜುಲೈ ೧೫, ಮಂಗಳವಾರ

ಅಕ್ಷರ ಕೆಡುತ್ತಿದೆ. ಪೆನ್ನು ಸರಿ ಇಲ್ಲ.

ಪೆನ್ನು ಸರಿಯಾಗಿಯೇ ಇದೆ. ಕೈ ನಿಲ್ಲುತ್ತಿಲ್ಲ.

ಜುಲೈ ೧೬, ಬುಧವಾರ

ಮ್ಯಾನೇಜರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಬಿಡಬೇಕೆಂದು ಬೆಳಿಗ್ಗೆ ಎದ್ದಾಗಲೇ ನಿಶ್ಚಯಿಸಿದೆ. ಹತ್ತಕ್ಕೆ ಕಟ್ಟಡದ ಎದುರು ನಿಂತೆ. ಒಳಗೆ ಹೋಗಲು ಕಾಲು ಬರಲಿಲ್ಲ. ರಸ್ತೆಯ ಕೊನೆಯ ಅಂಗಡಿಗೆ ಹೋಗಿ ಬಂದೆ. ಧೈರ್ಯಕ್ಕೆ, ಒಂದೇ ಒಂದು. ಆಮೇಲೆ ಮೆಟ್ಟಿಲು ಹತ್ತಿಯೇ ಆರನೇ ಮಹಡಿಗೆ ಹೋದೆ. ಲಿಫ್ಟನ್ನು ಕಣ್ಣೆತ್ತಿ ನೋಡಲಾಗಲಿಲ್ಲ.

ಕನ್ನಡಕ ಹಾಕಿಕೊಂಡು ಅವರ ಮುಂದೆ ನಿಂತೆ. ನಾವು ಅವಳಿ, ಆರು ವಾರ ಸ್ಟೂಲಿನ ಮೇಲೆ ಕೂತವನು ನಾನು, ಶುಕ್ರವಾರದ ವಾಸನೆ ನನ್ನದು, ನನ್ನ ತಮ್ಮ ಪೂರ್ತಿ ಬಿಟ್ಟಿದ್ದಾನೆ, ಅವನಿಗೆ ಕೆಲಸ ಕೊಡಿ ಎಂದೆ. ಒಂದೇ ಉಸಿರಿಗೆ ಹೇಳಿದೆ. ಅಳು ಬಂತು.

ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

"ನೀವು ಹೇಳ್ತಿರೋದು ನಿಜ ಅಂತ ಗೊತ್ತಾಗ್ತಿದೆ," ಎಂದರು. "ಇಲ್ಲಿವರೆಗೂ ಬರ್ತಿದೆ."

ನಾನು ಬಾಯಿಗೆ ಕೈ ಅಡ್ಡ ಹಿಡಿದೆ.

"ಆರು ವಾರ ಇಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ರಿ. ಈಗ ನಾನು ಯಾರನ್ನ ನಂಬ್ಲಿ? ಲಿಫ್ಟಿನ ಬಾಗಿಲು ತೆರೆದಾಗ ಅಲ್ಲಿ ಕೂತಿರೋದು ನೀವಾ ಅವನಾ ಅಂತ ದಿನಾ ಮೂಸಿ ನೋಡ್ಲಾ?" ದನಿ ಏರಿಸಲಿಲ್ಲ ಅವರು. "ಒಂದು ಮಾತು ಹೇಳ್ತೀನಿ. ರಜೆ ಕೇಳಿದ್ರೆ ಬಹುಶಃ ಕೊಡ್ತಿರ್ಲಿಲ್ಲ. ಆದ್ರೆ ನೀವು ಕೇಳ್ಲೇ ಇಲ್ಲ."

ಕೆಳಗಿಳಿಯುವಾಗ ಎರಡನೇ ಮಹಡಿಯ ಹತ್ತಿರ ಲಿಫ್ಟು ದಾಟಿತು. ಜೆರಾಕ್ಸಿನವನು ತಾತ್ಕಾಲಿಕವಾಗಿ ಓಡಿಸುತ್ತಿದ್ದ. ಒಳಗೆ ನಿಂತವರು ಒಬ್ಬರೂ ಮಾತಾಡುತ್ತಿರಲಿಲ್ಲ. ತಮ್ಮ ಆ ಡಬ್ಬಿಯೊಳಗೆ ಎಷ್ಟು ವರ್ಷ ಕಷ್ಟಪಟ್ಟು ಎಬ್ಬಿಸಿದ್ದ ನಗುವನ್ನು ನಾನು ಆರು ವಾರದಲ್ಲಿ ಮುಗಿಸಿಬಿಟ್ಟೆ. ಅವನು ಕುಡಿದೂ ಉಳಿಸಿಕೊಂಡಿದ್ದ ಕೆಲಸ ಅದು. ಅವನು ಬಿಟ್ಟ ಮೇಲೆ ನಾನು ಕಳೆದೆ.

ಜುಲೈ ೧೭, ಗುರುವಾರ

ಇವಳಿಗೆ ಹೇಳಬೇಕೆಂದು ಬೆಳಿಗ್ಗೆಯಿಂದ ಒದ್ದಾಡಿದೆ. ಅವಳು ಹುರುಳಿಕಾಯಿ ಮುರಿಯುತ್ತ ಕೂತಿದ್ದಳು. "ಒಂದು ವಿಷಯ ಹೇಳ್ಬೇಕಿತ್ತು ನಿನಗೆ," ಎಂದೆ.

"ಹೇಳಿ," ಎಂದಳು. ತಲೆ ಎತ್ತಲಿಲ್ಲ. "ಗೊಬ್ಬರದ ನೀರು ಹಾಕಿದ ಗಿಡ ಯಾವುದು ಅಂತ ಶನಿವಾರದಿಂದ ಹುಡುಕ್ತಿದೀನಿ. ನಮ್ಮ ಮನೇಲಿ ಗಿಡ ಯಾವತ್ತಿತ್ತು ರೀ?"

ಆಮೇಲೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಅತ್ತಳು. ಮದುವೆಯಾದ ಹೊಸದರಲ್ಲಿ ಅಮ್ಮ ಅವಳ ಕೈ ಹಿಡಿದುಕೊಂಡು, ಇವನ ಊಟದ ಹೊತ್ತು ಮಾತ್ರ ತಪ್ಪಿಸಬೇಡ ಎಂದಿದ್ದಳಂತೆ. ಯಾಕೆಂದು ಆಗ ಕೇಳಿರಲಿಲ್ಲವಂತೆ. ನನಗೆ ಇಷ್ಟು ವರ್ಷ ಅದು ಗೊತ್ತೇ ಇರಲಿಲ್ಲ. ನನ್ನ ಹಟ ಎಂದು ನಾನು ಮೆರೆದದ್ದರಲ್ಲಿ ಎಷ್ಟು ಪಾಲು ಇವಳ ಎಂಟು ಗಂಟೆಯ ತಟ್ಟೆಯದೋ, ಎಷ್ಟು ಪಾಲು ಶಾಲೆಯ ಗಂಟೆಯದೋ, ಯಾರು ಅಳೆದು ಹೇಳುತ್ತಾರೆ?

ತಮ್ಮನಿಗೆ ಇವಳೇ ಫೋನು ಮಾಡಿದಳು.

ಜುಲೈ ೨೦, ಭಾನುವಾರ

ಕೇಂದ್ರದ ಹಾಸಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಕಿಟಕಿಯಿಂದ ಗೇಟು ಕಾಣುತ್ತದೆ.

ಬೆಳಿಗ್ಗೆ ತಮ್ಮ ಬಂದು ಕರೆದುಕೊಂಡು ಬಂದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂರಿಸಿದ. ಕೆಲಸ ಹುಡುಕುತ್ತಿದ್ದಾನೆ, ಇನ್ನೂ ಎಲ್ಲೂ ಸಿಕ್ಕಿಲ್ಲ. ಅರವತ್ತರವನಿಗೆ ಯಾರು ಕೊಡುತ್ತಾರೆ? ಅದನ್ನು ಅವನು ಹೇಳಲಿಲ್ಲ, ನಾನೇ ಕೇಳಿ ತಿಳಿದುಕೊಂಡೆ. ಕ್ಷಮಿಸು ಎನ್ನಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವನು, "ಮೊದಲ ವಾರ ಕಷ್ಟ ಅಣ್ಣ. ಆಮೇಲೆ ನಿದ್ದೆ ಬರುತ್ತೆ," ಎಂದು ಬೇರೆ ಮಾತು ತೆಗೆದ.

ಡಾಕ್ಟರಮ್ಮ ಮೊದಲು ಅವನ ಕಡೆ ತಿರುಗಿ, "ಏನಾಯ್ತು ಮತ್ತೆ?" ಎಂದರು. ಅವನು ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದೆ ಬಿಟ್ಟು ಹೊರಗೆ ಹೋದ. ಅವರು ನನ್ನ ಕನ್ನಡಕ ನೋಡಿದರು. ಆಮೇಲೆ ಕೂರಿ ಎಂದರು. ತಮ್ಮನನ್ನು ಕೇಳಿದ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದರು. ಅಪ್ಪನದು ಹೇಳಿದೆ. ಗಿರಣಿ ಮುಚ್ಚಿದ್ದು ಹೇಳಿದೆ. ನನ್ನದು ಯಾವ ವಯಸ್ಸಿಗೆ ಎಂದರು. ಅರವತ್ತು ಎಂದೆ.

"ಮೊದಲ ಸಲ ಕುಡಿದಾಗ ಏನಾಯ್ತು?"

"ಏನೂ ಆಗ್ಲಿಲ್ಲ," ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿ ಬಾಗಿಲಿನ ಗಾಜಿನ ಕಡೆ ನೋಡಿದರು. ನಾನೂ ನೋಡಿದೆ. ಹೊರಗೆ ಬೆಂಚಿನ ಮೇಲೆ, ಹೋದ ತಿಂಗಳು ನಾನು ಕೂತಿದ್ದ ಜಾಗದಲ್ಲಿ, ತಮ್ಮ ನನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.